ಗ್ರೆಟ್ಟಾ ಆಂಟಿಯ ಏಳು ಸೀಟಿನ ಯಾತ್ರೆ

ಬೆಳಗಿನ ಐದೂವರೆ. ನ್ಯೂಜೆರ್ಸಿಯ ಪಾರ್ಸಿಪನಿಯ ಅಪಾರ್ಟ್‌ಮೆಂಟುಗಳ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಒಂದೇ ಒಂದು ಗಾಡಿಯ ದೀಪ ಉರಿಯುತ್ತಿದೆ. ಬೂದು ಬಣ್ಣದ ಮಿನಿವ್ಯಾನು. ಅದರ ಗಾಜಿನ ಮೇಲೆ ಗಟ್ಟಿಯಾಗಿ ಕೂತ ಮಂಜನ್ನು ಅರವತ್ತಮೂರರ ಹೆಂಗಸೊಬ್ಬರು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯುತ್ತಿದ್ದಾರೆ. ಮೈಮೇಲೆ ದಪ್ಪ ಜಾಕೆಟ್, ಅದರ ಕೆಳಗೆ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲಿಗೆ ಸ್ನೀಕರ್ಸ್. "ಹತ್ತಿ ಕೂತ್ಕೊಳ್ಳಿ, ಹೀಟರ್ ಹಾಕಿದ್ದೇನೆ. ನೀವು ಬೆಂಗ್ಳೂರಿನವರು, ನಿಮಗೆ ಈ ಚಳಿ ಆಗುದಿಲ್ಲ" ಎನ್ನುತ್ತಾರೆ. ನಾನು ಈ ದೇಶಕ್ಕೆ ಬಂದು ಹನ್ನೆರಡು ವರ್ಷವಾಯಿತು ಎಂದು ಹೇಳಬೇಕೆನಿಸುತ್ತದೆ. ಹಲ್ಲು ಕಟಕಟ ಎನ್ನುತ್ತಿರುವಾಗ ಎಂಥ ವಾದ, ಸುಮ್ಮನೆ ಹತ್ತುತ್ತೇನೆ.

ಹತ್ತಿದೊಡನೆ ಕೈಗೊಂದು ಸ್ಟೀಲ್ ಡಬ್ಬಿ ಬರುತ್ತದೆ. ಒಳಗೆ ಬೆಲ್ಲದ ತುಂಡುಗಳು, ಜೊತೆಗೆ ಒಂದು ಲೋಟ ನೀರು. ಉಡುಪಿ ಕಡೆಯ ಮನೆಗಳಲ್ಲಿ ಬಂದವರು ಯಾರೇ ಆಗಲಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. ಇವರಿಗೆ ಮನೆಯೆಂದರೆ ಈ ವ್ಯಾನೇ ಇರಬೇಕು ಎಂದುಕೊಳ್ಳುತ್ತೇನೆ. ಸಂಜೆಯ ಹೊತ್ತಿಗೆ ಅದು ನಿಜವೆಂದು ಗೊತ್ತಾಗುತ್ತದೆ.

ಇವರು ಗ್ರೆಟ್ಟಾ ಕುಟಿನ್ಹೊ. ಊರು ಉಡುಪಿ ಬಳಿಯ ಶಿರ್ವ. ವಾರದ ಐದು ದಿನ ರೂಟ್ ನಲವತ್ತಾರು ಹೆದ್ದಾರಿಯ ಒಂದು ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಉಸ್ತುವಾರಿ. ಶನಿವಾರ ಬಂತೆಂದರೆ ಗೈಡು. ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಸಂತರ, ಆ ಕಾಲದ ಪದ್ಧತಿಗಳನ್ನು ಇನ್ನೂ ಉಳಿಸಿಕೊಂಡಿರುವ ಜನರ ನೆಲೆಗಳು ನ್ಯೂಜೆರ್ಸಿ, ನ್ಯೂಯಾರ್ಕಿನಲ್ಲಿ ಅಲ್ಲಲ್ಲಿ ಇವೆ. ಅಂಥ ನಾಲ್ಕು ಜಾಗಗಳನ್ನು ಒಂದೇ ದಿನದಲ್ಲಿ ತೋರಿಸಿಕೊಂಡು ಬರುತ್ತಾರೆ. ಒಂದು ಸಲಕ್ಕೆ ಒಂದೇ ಕುಟುಂಬ, ಹೆಚ್ಚೆಂದರೆ ಆರು ಜನ. ಏಳನೆಯ ಸೀಟು ಅವರದೇ, ಸ್ಟೀರಿಂಗ್ ಹಿಂದೆ.

ಇವತ್ತು ಕುಟುಂಬವಿಲ್ಲ, ಪತ್ರಿಕೆಗೆ ಬರೆಯಲು ಬಂದ ನಾನು ಮಾತ್ರ. ಬರಬೇಕಿದ್ದವರು ಮಗನ ಸಾಕರ್ ಪಂದ್ಯವಿದೆಯೆಂದು ನಿನ್ನೆ ಮೆಸೇಜು ಹಾಕಿದ್ದಾರಂತೆ. "ನೀವೊಬ್ರೇ. ನೀವು ಕೂಡ ಬರ್ಲಿಕ್ಕಿಲ್ಲ ಅಂದಿದ್ರೂ ನಾನು ಹೋಗುವವಳೇ" ಎನ್ನುತ್ತಾ ಗೇರ್ ಹಾಕುತ್ತಾರೆ. ಕಾರಣವಿದೆ. ಮೊದಲ ನಿಲುಗಡೆಯಾದ ಮಾರಿಸ್‌ಟೌನ್ ಬಳಿಯ ಪುಟ್ಟ ಕಾನ್ವೆಂಟು, ಅಂದರೆ ಸಿಸ್ಟರುಗಳ ಮಠ, ಸೋಮವಾರ ಬಾಗಿಲು ಹಾಕುತ್ತದೆ. ಕಟ್ಟಡ ಮಾರಾಟವಾಗಿದೆ. ಅಲ್ಲಿ ಉಳಿದಿರುವ ಒಬ್ಬರೇ ಸಿಸ್ಟರ್, ತೊಂಬತ್ತೊಂದರ ಬರ್ನಡೆಟ್, ಪೆನ್ಸಿಲ್ವೇನಿಯಾದ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಒಂಬತ್ತು ವರ್ಷಗಳಿಂದ ಶನಿವಾರ ಶನಿವಾರ ಗ್ರೆಟ್ಟಾ ಆಂಟಿಯ ದಾರಿ ಕಾದವರು ಈ ಭೂಮಿಯ ಮೇಲೆ ಅವರೊಬ್ಬರೇ.

ಇದು ನನ್ನ ಮಾತಲ್ಲ. ಹೈವೇಗೆ ಗಾಡಿ ಏರಿಸುತ್ತಾ ಅವರೇ ಹೇಳಿದ್ದು. "ಲಾರೆನ್ಸ್ ಹೋಗಿ ಹನ್ನೊಂದು ವರ್ಷ ಆಯ್ತು. ಮಕ್ಕಳಾಗ್ಲಿಲ್ಲ ನಮಗೆ. ಹೋಟೆಲಿನಲ್ಲಿ ದಿನಾ ನೂರು ಜನರ ಮುಖ ನೋಡುದು, ಎಲ್ಲ ನಾಳೆ ಚೆಕ್ ಔಟ್ ಆಗುವವರೇ. ಟೂರಿನವರು ಅದಕ್ಕಿಂತ ಬೇಗ, ಸಂಜೆಗೇ ಚೆಕ್ ಔಟ್."

ಗಂಡ ಲಾರೆನ್ಸರಿಗೆ ರೋಮಿಗೆ ಹೋಗಬೇಕು, ನೆಲದಡಿಯ ಸಮಾಧಿಗಳಲ್ಲಿ ಮಲಗಿದ ಮೊದಮೊದಲ ಕ್ರೈಸ್ತರನ್ನು ನೋಡಬೇಕು ಎಂಬ ಹುಚ್ಚಿತ್ತು. ವೀಸಾದ ತಾಪತ್ರಯದಲ್ಲಿ ದೇಶ ಬಿಟ್ಟು ಹೊರಗೆ ಹೋದರೆ ಒಳಗೆ ಬರಲಾಗುತ್ತದೋ ಇಲ್ಲವೋ ಎಂಬ ಭಯದಲ್ಲೇ ಹದಿನಾಲ್ಕು ವರ್ಷ ಕಳೆದವು. ಗ್ರೀನ್ ಕಾರ್ಡು ಬಂದ ಕವರನ್ನು ಆಂಟಿ ಒಬ್ಬರೇ ಒಡೆದರು. ಆಮೇಲೆ ಒಂದು ವರ್ಷ, ಪ್ರತಿ ಶನಿವಾರ, ಚರ್ಚುಗಳ ಆಫೀಸಿಗೆ ಫೋನು ಮಾಡಿ ವಿಚಾರಿಸಿ, ಒಬ್ಬರೇ ಡ್ರೈವ್ ಮಾಡಿಕೊಂಡು ಹೋಗಿ ನೋಡಿದರು. "ರೋಮಿಗೆ ಹೋಗ್ಲಿಕ್ಕೆ ಆಗ್ಲಿಲ್ಲ, ರೋಮಿನಿಂದ ಇಲ್ಲಿಗೆ ಯಾರಾದ್ರೂ ಬಂದಿದ್ದಾರಾ ನೋಡುವ ಅಂತ ಹೊರಟದ್ದು" ಎನ್ನುತ್ತಾರೆ.

ಬಂದಿದ್ದರು. ಮಾರಿಸ್‌ಟೌನ್ ಪಕ್ಕದ ಕಾನ್ವೆಂಟಿನ ಪ್ರಾರ್ಥನಾ ಕೋಣೆಯಾದ ಚಾಪೆಲಿನಲ್ಲಿ, ಅಂಗೈಯಗಲದ ಗಾಜಿನ ಪೆಟ್ಟಿಗೆಯೊಳಗೆ, ಮೂಳೆಯ ಒಂದು ಚೂರು. ನಂಬಿಕೆಗಾಗಿ ಪ್ರಾಣ ಕೊಟ್ಟ ಯಾರೋ ಹುಡುಗಿಯದಂತೆ. ನೂರು ವರ್ಷದ ಹಿಂದೆ ಒಬ್ಬ ಸಿಸ್ಟರ್ ಹಡಗಿನಲ್ಲಿ, ಮಡಿಲಲ್ಲಿಟ್ಟುಕೊಂಡು ತಂದರಂತೆ. ಪೆಟ್ಟಿಗೆಯ ಕೆಳಗಿನ ತಗಡಿನಲ್ಲಿ ಹೆಸರಿರಬೇಕಾದ ಕಡೆ ಒಂದು ಗೆರೆ ಮಾತ್ರ ಇದೆ. ಗ್ರೆಟ್ಟಾ ಆಂಟಿ ಬಂದವರಿಗೆಲ್ಲ ಹೇಳುವ ಕಥೆ ಬಹಳ ಚಿಕ್ಕದು: "ಯಾರ ಮಗಳೋ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ನಾನು ಕ್ರೈಸ್ತಳಲ್ಲ ಅಂತ ಒಂದು ಸುಳ್ಳು ಹೇಳು, ಬಿಡ್ತೇವೆ ಅಂದ್ರಂತೆ. ಹೇಳ್ಲಿಲ್ಲ. ಅಷ್ಟೇ ಗೊತ್ತಿರುದು."

ಸೋಮವಾರದ ನಂತರ ಆ ಪೆಟ್ಟಿಗೆ ಎಲ್ಲೋ ಒಂದು ಬೀಗದ ಕೋಣೆ ಸೇರುತ್ತದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲ.

ಲೆಕ್ಕದ ಮನುಷ್ಯ ನಾನು, ಕೇಳಿ ಬರೆದುಕೊಂಡಿದ್ದೇನೆ. ಒಂದು ಟೂರಿಗೆ ನೂರ ಹದಿನೆಂಟು ಮೈಲಿ, ಹನ್ನೊಂದು ಗಂಟೆ. ವರ್ಷಕ್ಕೆ ಸುಮಾರು ನಲವತ್ತು ಶನಿವಾರ. ಕರೆದುಕೊಂಡು ಹೋದ ಕುಟುಂಬಗಳು ಮುನ್ನೂರ ಐವತ್ತರ ಮೇಲೆ. ಎಲ್ಲರೂ ಕ್ರೈಸ್ತರೇ ಎಂದು ತಿಳಿದಿದ್ದೆ, ಅರ್ಧದಷ್ಟು ಅಲ್ಲವಂತೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಮಾಲು, ಜಲಪಾತ ತೋರಿಸಿ ಮುಗಿದ ಮೇಲೆ ಇನ್ನೇನು ತೋರಿಸುವುದು ಎಂದು ತಲೆ ಕೆರೆದುಕೊಳ್ಳುವ ಮಕ್ಕಳು ಆಂಟಿಗೆ ಫೋನು ಮಾಡುತ್ತಾರೆ. ಎರಡನೆಯ ಸಲ ಬಂದವರೆಷ್ಟು ಎಂದು ಕೇಳಿದೆ. "ಒಬ್ರೂ ಇಲ್ಲ" ಎಂದರು. "ಅದು ತಪ್ಪಲ್ಲ. ಯಾತ್ರೆ ಅಂದ್ರೆ ಒಂದು ಸಲ ಮಾಡುದು. ಆದರೆ ಮನುಷ್ಯರಿಗೆ ಬೇಜಾರು ಅಂತ ಒಂದು ಆಗ್ತದಲ್ಲ."

ಕಾನ್ವೆಂಟಿನ ಮೆಟ್ಟಿಲ ಮೇಲೆ ಗ್ರೆಟ್ಟಾ ಆಂಟಿ ಸ್ನೀಕರ್ಸ್ ಬಿಚ್ಚುತ್ತಾರೆ. ನಾನೂ ಬಿಚ್ಚುತ್ತೇನೆ. ಬಾಗಿಲ ಒಳಗೊಂದು ಮರದ ಬೆಂಚು, ಅದರ ಮೇಲೆ ಒಂದು ಬುಟ್ಟಿ, ಬುಟ್ಟಿಯ ತುಂಬ ಕೈಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲಗಳು. ನೀಲಿ ಬಣ್ಣದ ಒಂದು ಜೊತೆಯನ್ನು ಹಾಕಿಕೊಳ್ಳುತ್ತೇನೆ. ಅಮೆರಿಕದ ಯಾವ ಚರ್ಚಿನಲ್ಲೂ ನಾನು ಇಂಥದ್ದು ಕಂಡಿಲ್ಲ. ಕೇಳಿದರೆ ಆಂಟಿ ನಾಚಿಕೊಳ್ಳುತ್ತಾರೆ. "ಅದೊಂದು ತಪ್ಪಿನಿಂದ ಆದದ್ದು. ಆ ಧಾರವಾಡದವರಿಗೆ ಫೋನು ಮಾಡಿ ಕೇಳಿ" ಎನ್ನುತ್ತಾರೆ.

ಅವರು ಕೊಟ್ಟ ನಂಬರಿಗೆ ಮರುದಿನ ಫೋನು ಮಾಡಿದೆ. ಧಾರವಾಡ ಕಡೆಯ ಬಸವಪ್ರಸಾದ್ ಇಲ್ಲೇ ಪಾರ್ಸಿಪನಿಯಲ್ಲಿ ಐಟಿ ಕನ್ಸಲ್ಟಂಟ್. ಏಳು ವರ್ಷದ ಹಿಂದೆ, ಒಂದು ಫೆಬ್ರವರಿಯಲ್ಲಿ, ಊರಿಂದ ಬಂದ ತಾಯಿಯನ್ನು ಈ ಟೂರಿಗೆ ಕರೆದುಕೊಂಡು ಹೋಗಿದ್ದರು. "ನಮ್ಮವ್ವ ಮೆಟ್ಲ ಮ್ಯಾಲೆ ಚಪ್ಪಲ್ ಬಿಟ್ಲ್ರಿ. ದೇವ್ರ ಗುಡಿ ಅಂದ್ರ ಗುಡಿನ. ಅಕಿ ಬಿಟ್ಟ ಮ್ಯಾಲೆ ನಾ ಹೆಂಗ ಬೂಟ್ ಹಾಕ್ಕೊಂಡು ಒಳಗ ಹೋಗ್ಲಿ? ಹಿಂದ ತಿರುಗಿ ನೋಡಿದ್ರ ಆಂಟಿನೂ ಬಿಚ್ಚಾಕತ್ತಾರ. ಹೊರಗ ಬಂದ್ರ ಹಿಮ ಬಿದ್ದು ಚಪ್ಪಲ್ಲೇ ಕಾಣವಲ್ವು. ಕೈಲೆ ಕೆದರಿ ಕೆದರಿ ಹುಡುಕಿದ್ವಿ" ಎಂದು ನಗುತ್ತಾರೆ. ಮತ್ತೆ ಯಾವತ್ತಾದರೂ ಹೋಗಿದ್ದಿರಾ ಎಂದು ಕೇಳಿದಾಗ ಅವರ ನಗು ನಿಂತಿತು. "ಇಲ್ರಿ. ಹೋಗ್ಬೇಕಂತಿನಿ, ಟೈಮ ಆಗಂಗಿಲ್ಲ." ಅವರ ಮನೆಯಿಂದ ಆಂಟಿಯ ಮನೆಗೆ ಎರಡು ಸಿಗ್ನಲ್ ದೂರ.

ಅಂದು ಆ ಮೂರು ಜೋಡಿ ಬರಿಗಾಲನ್ನು ನೋಡಿದ ಸಿಸ್ಟರ್ ಬರ್ನಡೆಟ್, ಇದು ನಿಮ್ಮ ಪದ್ಧತಿಯೇ ಎಂದು ಕೇಳಿದರಂತೆ. "ನಮ್ಮ ಊರಿನ ಚರ್ಚಿಗೆ ನಾವು ಚಪ್ಪಲಿ ಹಾಕಿಯೇ ಹೋಗುದು ಮಾರಾಯ್ರೆ. ಆದರೆ ಆ ಅಮ್ಮನ ಎದುರು ಇಲ್ಲ ಅಂದ್ರೆ ಅವರಿಗೆ ಎಷ್ಟು ನಾಚಿಕೆ ಆಗ್ತಿತ್ತು? ಹೌದು ಅಂತ ಹೇಳಿಬಿಟ್ಟೆ" ಎನ್ನುತ್ತಾರೆ ಆಂಟಿ. ಮುಂದಿನ ಶನಿವಾರ ಹೋದಾಗ ಬೆಂಚು ಬಂದಿತ್ತು. ಅದರ ಮುಂದಿನ ತಿಂಗಳು ಕಾಲುಚೀಲದ ಬುಟ್ಟಿ. ಆಮೇಲೆ ಪ್ರತಿ ಚಳಿಗಾಲ ಸಿಸ್ಟರ್ ಕೂತು ಹೆಣೆದರು, ಸೋಮವಾರ ಸೋಮವಾರ ಒಗೆದು ಒಣಗಿಸಿದರು. ಸುಳ್ಳು ಹೇಳದೆ ಸತ್ತ ಹುಡುಗಿಯ ಮುಂದೆ ನಿಂತು ಆಂಟಿ ಹೇಳಿದ ಆ ಒಂದು ಸುಳ್ಳಿಗೆ ಇಂದಿಗೂ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿಲ್ಲವಂತೆ. "ಮಾಡಿದ್ರೆ ಬುಟ್ಟಿ ತೆಗೀಲಿಕ್ಕೆ ಹೇಳಿದ್ರೆ ಎಂಥ ಮಾಡುದು?"

ಸಿಸ್ಟರ್ ವಾಕರ್ ಹಿಡಿದು ಬರುತ್ತಾರೆ. ಹಕ್ಕಿಯಷ್ಟೇ ಹಗುರ ಜೀವ. ಇಂಗ್ಲಿಷಿನಲ್ಲಿ ಕೇಳುತ್ತಾರೆ, "ಇವತ್ತಿನ ಅತಿಥಿಗಳು ಇವರೊಬ್ಬರೇನಾ?"

"ಕುಟುಂಬದವರು ಬರಲಿಲ್ಲ, ಸಿಸ್ಟರ್. ಇವರು ಪೇಪರಿನವರು. ನನ್ನ ಬಗ್ಗೆ ಬರೀತಾರಂತೆ" ಎಂದು ಆಂಟಿ ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ. ಬರೆಯುವುದಕ್ಕೆ ಏನಿದೆ ಎಂಬ ಧಾಟಿ ಅದರಲ್ಲಿ.

ಆಂಟಿಯ ಕೆಲಸದ ಕ್ರಮವೊಂದಿದೆ. ಬಂದವರನ್ನು ಮುಂದಿನ ಬೆಂಚಿಗೆ ಕಳಿಸಿ, ಕಥೆ ಹೇಳಿ, ತಾನು ಹಿಂದಕ್ಕೆ ಸರಿದು ಬಾಗಿಲ ಪಕ್ಕದ ಗೋಡೆಗೆ ನಿಲ್ಲುವುದು. ಗೈಡು ಕೂತರೆ ಬಂದವರು ಹೊತ್ತಾಯಿತೇನೋ ಎಂದು ಗಡಿಬಿಡಿ ಮಾಡುತ್ತಾರೆ, ಮೊಣಕಾಲೂರಿದರೆ ತಾವೂ ಊರಬೇಕೇನೋ ಎಂದು ಪೇಚಾಡುತ್ತಾರೆ. ಹಾಗಾಗಿ ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವರು ಈ ಚಾಪೆಲಿನಲ್ಲಿ ಕೂತಿಲ್ಲ, ಪ್ರಾರ್ಥನೆಯನ್ನೂ ಮಾಡಿಲ್ಲ. ಕನ್ನಡದ ಅತಿಥಿಗಳಿಗೆ ಹೇಳಲಿ ಎಂದು ಸಿಸ್ಟರಿಗೆ ಒಂದೇ ಒಂದು ಕನ್ನಡ ಪದ ಕಲಿಸಿದ್ದಾರೆ. ವಯಸ್ಸಾದ ಅಜ್ಜ ಅಜ್ಜಿಯರು ಬಿಳಿಯ ಸಿಸ್ಟರ್ ಬಾಯಲ್ಲಿ ಅದನ್ನು ಕೇಳಿ ಖುಷಿಪಡುತ್ತಾರಂತೆ.

ನಾನು ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಆಂಟಿ ಕಥೆ ಹೇಳಲು ಬಾಯಿ ತೆರೆಯುತ್ತಾರೆ. ಸಿಸ್ಟರ್ ಕೈ ಎತ್ತಿ ತಡೆಯುತ್ತಾರೆ. ಎದುರಿನ ಬೆಂಚನ್ನು ತೋರಿಸಿ, ನಿಧಾನವಾಗಿ, ತಪ್ಪಿಲ್ಲದೆ ಹೇಳುತ್ತಾರೆ, "ಗ್ರೆಟ್ಟಾ, ಕೂತ್ಕೊಳ್ಳಿ."

ಆಂಟಿ ನನ್ನನ್ನು ನೋಡುತ್ತಾರೆ, ಬಾಗಿಲನ್ನು ನೋಡುತ್ತಾರೆ. ಆಮೇಲೆ ಸೆರಗು ಸರಿಮಾಡಿಕೊಂಡು, ಹೋಟೆಲಿನ ಹೊಸ ಕೆಲಸದವಳ ಹಾಗೆ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಸಿಸ್ಟರ್ ಜೋಬಿನಿಂದ ಟಿಶ್ಯೂ ಪೇಪರಿನ ಪೊಟ್ಟಣವೊಂದನ್ನು ತೆಗೆದು ಬಿಡಿಸುತ್ತಾರೆ. ಒಳಗಿರುವುದು ಬೆಲ್ಲದ ಚೂರು. ಎಂದೋ ಆಂಟಿ ಕೊಟ್ಟದ್ದನ್ನು ತಿನ್ನದೆ ಎತ್ತಿಟ್ಟಿದ್ದರು. ಕಿಟಕಿಯ ಬಳಿ ಮೊದಲೇ ತುಂಬಿಸಿಟ್ಟಿದ್ದ ನೀರಿನ ಲೋಟವನ್ನು ನನ್ನ ಕೈಯಿಂದ ತರಿಸಿ ಕೊಡುತ್ತಾರೆ. ಆಮೇಲೆ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು, ವಾಕರ್ ಹಿಡಿದುಕೊಂಡೇ, ಆಂಟಿ ಮುನ್ನೂರ ಐವತ್ತು ಸಲ ಹೇಳಿದ ಕಥೆಯನ್ನು ಆಂಟಿಗೇ ಹೇಳುತ್ತಾರೆ. ಯಾರ ಮಗಳೋ ಗೊತ್ತಿಲ್ಲ. ಹೆಸರು ಗೊತ್ತಿಲ್ಲ.

ಕಥೆ ಮುಗಿದ ಮೇಲೆ ಸಿಸ್ಟರ್ ಹಿಂದಕ್ಕೆ ಹೋಗಿ ಬಾಗಿಲ ಪಕ್ಕದ ಗೋಡೆಗೆ ನಿಂತರು. ನಾನೂ ಎದ್ದು ಅವರ ಪಕ್ಕ ನಿಂತೆ. ನಾನು ಚರ್ಚಿಗೆ ಹೋಗುವವನಲ್ಲ, ದೇವಸ್ಥಾನವೂ ಅಷ್ಟಕ್ಕಷ್ಟೇ. ಆದರೂ ನೋಟ್‌ಬುಕ್ಕನ್ನು ಮುಚ್ಚಿ ಜೋಬಿಗೆ ಹಾಕಿದೆ. ಗ್ರೆಟ್ಟಾ ಆಂಟಿ ಇಪ್ಪತ್ತು ನಿಮಿಷ ಮೊಣಕಾಲೂರಿದ್ದರು. ಎದ್ದಾಗ ಮುಖ ಒದ್ದೆಯಾಗಿತ್ತು. "ಹೋಗುವನಾ, ಲೇಟಾಯ್ತು" ಎಂದರು. ಹೊರಡುವಾಗ ಸಿಸ್ಟರ್ ಬುಟ್ಟಿಯನ್ನು ಅವರ ಕೈಗೆ ಕೊಟ್ಟರು. ಬಾಗಿಲು ಮುಚ್ಚಿದ ಸದ್ದು ಬರುವವರೆಗೂ ಆಂಟಿ ಗಾಡಿ ಸ್ಟಾರ್ಟ್ ಮಾಡಲಿಲ್ಲ.

ಉಳಿದ ಮೂರೂ ಕಡೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ, ಒಂದನ್ನೂ ಬಿಡುವುದಿಲ್ಲ. ಜೆರ್ಸಿ ಸಿಟಿಯಲ್ಲಿ ಈಜಿಪ್ಟಿನವರ ಕಾಪ್ಟಿಕ್ ಚರ್ಚಿನ ಧೂಪದ ಹೊಗೆ. ಬರ್ಗನ್ ಕೌಂಟಿಯಲ್ಲಿ, ಯೇಸು ಆಡುತ್ತಿದ್ದ ಮಾತಿನ ಸಂಬಂಧಿಯಾದ ಭಾಷೆಯಲ್ಲಿ ಇನ್ನೂ ಪ್ರಾರ್ಥಿಸುವ ಸಿರಿಯಾಕ್ ಜನ. ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದರೆ ಮ್ಯಾನ್‌ಹಟನ್ನಿನ ಉತ್ತರ ತುದಿಯ ಗುಡ್ಡದ ಮೇಲಿನ ಮ್ಯೂಸಿಯಂ, ಅದರ ಕಲ್ಲಿನ ಕಂಬಗಳು. "ಇದು ಅಷ್ಟು ಹಳೇದಲ್ಲ, ಸುಳ್ಳು ಹೇಳ್ಬಾರ್ದು. ಆದರೆ ಸುಸ್ತಾದವರಿಗೆ ಕೂರ್ಲಿಕ್ಕೆ ಒಳ್ಳೆ ಜಾಗ" ಎನ್ನುತ್ತಾರೆ. ಎಲ್ಲ ಕಡೆಯೂ ಅವರು ನಿಂತೇ ಇದ್ದರು.

ಇನ್ನು ಮುಂದೆ ಟೂರು ನಡೆಸುತ್ತೀರಾ ಎಂದು ವಾಪಸು ಬರುವಾಗ ಕೇಳಿದೆ. "ಮೂರು ಜಾಗ ಉಂಟಲ್ಲ, ಮಾಡುದು. ತಿಂಗಳಿಗೊಂದು ಶನಿವಾರ ಮಾತ್ರ ರಜೆ. ಪೆನ್ಸಿಲ್ವೇನಿಯಾಕ್ಕೆ ಹೋಗ್ಲಿಕ್ಕೆ ಮೂರು ಗಂಟೆ, ಬರ್ಲಿಕ್ಕೆ ಮೂರು ಗಂಟೆ. ಬೆಲ್ಲ ಮುಗಿದಿರ್ತದೆ ಅವರಿಗೆ."

ಕತ್ತಲಾಗುವ ಹೊತ್ತಿಗೆ ಪಾರ್ಸಿಪನಿ. ಅವರ ಅಪಾರ್ಟ್‌ಮೆಂಟಿನಲ್ಲಿ ದೀಪವಿಲ್ಲ, ಹಚ್ಚುವವರು ಇಲ್ಲೇ ಸ್ಟೀರಿಂಗ್ ಹಿಡಿದು ಕೂತಿದ್ದಾರೆ. ಇಳಿಯುವಾಗ ನಾನು, "ಮತ್ತೆ ಸಿಗೋಣ ಆಂಟಿ" ಎಂದೆ. ನಾವೆಲ್ಲರೂ ಬಾಯಿಮಾತಿಗೆ ಹೇಳುವುದೇ ಅದು. ಮುನ್ನೂರ ಐವತ್ತು ಕುಟುಂಬಗಳೂ ಹೇಳಿರಬೇಕು.

ಆಂಟಿ ಹಿಂದಿನ ಸೀಟಿನ ಬುಟ್ಟಿಗೆ ಕೈ ಹಾಕಿ, ಬೆಳಿಗ್ಗೆ ನಾನು ಹಾಕಿಕೊಂಡು ಬಿಚ್ಚಿಟ್ಟಿದ್ದ ನೀಲಿ ಕಾಲುಚೀಲಗಳನ್ನು ಹುಡುಕಿ ತೆಗೆದರು. ಒಂದರೊಳಗೊಂದು ಮಡಚಿ, ಮುಂದಿನ ಸಣ್ಣ ಖಾನೆಯಲ್ಲಿಟ್ಟು ಮುಚ್ಚಿದರು.

"ಕಾಪ್ಟಿಕ್ ಚರ್ಚಿನಲ್ಲಿ ಕೂಡ ಶೂ ಬಿಚ್ಚುವವರಿದ್ದಾರೆ, ನೋಡಿದ್ರಲ್ಲ. ಒಗೆದು ಇಡ್ತೇನೆ, ಬೇರೆಯವರಿಗೆ ಕೊಡುದಿಲ್ಲ" ಎಂದರು. "ನೀವು ಎರಡನೇ ಸಲ ಬಂದ್ರೆ ಬೇಕಾಗ್ತದೆ."