ಡಿಸೆಂಬರ್ ಹದಿನಾರರ ರೊಟ್ಟಿ

ಮೊನ್ನೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಪೂರಿ ಕರಿಯುತ್ತಿದ್ದರು. ಕಾದ ಎಣ್ಣೆಯ ವಾಸನೆಗೆ ಆ ಅಜ್ಜಿ ನೆನಪಾದಳು...

ಹಂಪಿಯಲ್ಲಿ ನಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಕಜಕಿಸ್ತಾನದ ಅಜ್ಜಿಯೊಬ್ಬಳು ಬಂದು ಉಳಿದಿದ್ದಳು. ಅವಳು ತನ್ನ ಭಾಷೆಯಲ್ಲಿ ಮೊಬೈಲಿಗೆ ಹೇಳಿದರೆ, ಮೊಬೈಲು ಅದನ್ನು ಕನ್ನಡದಲ್ಲಿ ನನಗೆ ಹೇಳುತ್ತಿತ್ತು. ಡಿಸೆಂಬರ್ ಹದಿನಾರರ ಬೆಳಿಗ್ಗೆ, "ಇಂದು ನಮ್ಮ ಸ್ವಾತಂತ್ರ್ಯ ದಿನ. ನಿಮ್ಮ ಒಲೆ ಬೇಕು" ಎಂದಿತು. ನಾನು ನಾಲ್ಕನೇ ಕ್ಲಾಸು ಓದಿದವಳು. ನಮ್ಮ ಆಗಸ್ಟ್ ಹದಿನೈದರ ಹಾಗೆ ಸಿಹಿ ಹಂಚುವ ದಿನವೆಂದುಕೊಂಡು, ಅವಳು ಪೂರಿಯಂತೆ ಕರಿದ ಏಳು ರೊಟ್ಟಿಗಳ ಮೇಲೆ ಸಕ್ಕರೆ ಉದುರಿಸಿಬಿಟ್ಟೆ.

ಅಜ್ಜಿ ಬಯ್ಯಲಿಲ್ಲ. ಕೂತು ಹೇಳಿದಳು. ಅವಳ ಹರೆಯದಲ್ಲಿ ಅವರ ದೇಶ ಸೋವಿಯತ್ ಒಕ್ಕೂಟದಲ್ಲಿತ್ತು. ಮಾಸ್ಕೋದವರು ಹೊರಗಿನವನೊಬ್ಬನನ್ನು ತಂದು ಅವರ ಮೇಲೆ ಕೂರಿಸಿದರು. ಹುಡುಗರು ಡಿಸೆಂಬರಿನ ಹಿಮದಲ್ಲಿ ಅಲ್ಮಾಟಿಯ ಚೌಕದಲ್ಲಿ ಸೇರಿ, ಯಾಕೆ ಎಂದು ಕೇಳಿದರು. ಸೈನಿಕರು ಬಡಿದರು. ಅವಳ ತಮ್ಮ ಮನೆಗೆ ಬರಲಿಲ್ಲ... ಐದು ವರ್ಷದ ಮೇಲೆ, ಅದೇ ದಿನಗಳಲ್ಲೇ, ದೇಶ ಸ್ವತಂತ್ರವಾಯಿತು.

"ಊರು ಬಾವುಟ ಹಾರಿಸುತ್ತದೆ. ನಾನು ತಮ್ಮನ ಹೆಸರಿನಲ್ಲಿ, ನಮ್ಮ ಪದ್ಧತಿಯಂತೆ, ಏಳು ರೊಟ್ಟಿ ಕರಿಯುತ್ತೇನೆ. ಈ ವಾಸನೆ ಸತ್ತವರಿಗೆ ಮುಟ್ಟುತ್ತದೆ. ರೊಟ್ಟಿ ಮಾತ್ರ ಬದುಕಿರುವವರಿಗೆ."

ಆರು ರೊಟ್ಟಿ ಓಣಿಯವರಿಗೆ ಹೋದವು. ಅಷ್ಟರಲ್ಲಿ ನನ್ನ ತಮ್ಮ ಬಂದ. ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ. ಕುಡಿಯುತ್ತಾನೆಂದು ನಾನು ಅವನೊಂದಿಗೆ ಮಾತು ಬಿಟ್ಟಿದ್ದೆ. ತೂರಾಡುತ್ತ ಬಂದು ಕಟ್ಟೆಯ ಮೇಲೆ ಕುಳಿತ.

"ಏನ್ ಮಾಡೀಯಬೇ ಅಕ್ಕಾ? ಓಣಿ ತುಂಬ ವಾಸನಿ ಬಂದೈತಿ."

ಅಜ್ಜಿ ಏಳನೆಯ ರೊಟ್ಟಿಯನ್ನು ಅವನ ಕೈಗಿಟ್ಟಳು. ನಾನು ಕಸಿದುಕೊಂಡೆ.

"ಅವಗ ಬ್ಯಾಡ್ರಿ. ಕುಡದು ಬಂದಾನ."

"ಕುಡದಿಲ್ಲಬೇ. ಜ್ವರ ಬಂದೈತಿ."

"ದಿನಾ ಒಂದೊಂದು ಜ್ವರ ನಿಂದು. ನಡೀಲೇ."

ಅವನು ನಕ್ಕ. "ಫಾರಿನ್ ಪೂರಿ ನನಗೆಲ್ಲಿ ದಕ್ಕತೈತಿ ಬಿಡು," ಎಂದು ಗೋಡೆ ಹಿಡಿದು ಎದ್ದ. ಅಜ್ಜಿ ಮೊಬೈಲಿಗೆ ಒಂದೇ ಮಾತು ಹೇಳಿದಳು. "ಕರೆಯಿರಿ," ಎಂದಿತು ಅದು. ಅವನಿನ್ನೂ ಬಾಳೆತೋಟದ ತಿರುವಿನಲ್ಲಿ ಕಾಣುತ್ತಿದ್ದ. ನಾನು ಕರೆಯಲಿಲ್ಲ.

ತಮ್ಮ ಸಂಕ್ರಾಂತಿಗೆ ಮೊದಲೇ ಸತ್ತ. ಟಿಬಿ. ಕುಡಿತ ಬಿಟ್ಟು ತಿಂಗಳುಗಳೇ ಆಗಿದ್ದವಂತೆ... ಅವನ ಜೊತೆ ಕೆಲಸ ಮಾಡುವವರು ಹೇಳಿದರು. ಅಜ್ಜಿ ಅಷ್ಟರಲ್ಲಿ ತನ್ನ ದೇಶಕ್ಕೆ ಹೊರಟುಹೋಗಿದ್ದಳು. ಈಗ ಇದ್ದಾಳೋ ಇಲ್ಲವೋ ತಿಳಿಯದು.

ಈ ಡಿಸೆಂಬರ್ ಹದಿನಾರಕ್ಕೂ ಏಳು ರೊಟ್ಟಿ ಕರಿದೆ. ಸಕ್ಕರೆ ಹಾಕಲಿಲ್ಲ. ಬಾಗಿಲಿಗೆ ಬಂದವರು ತಿಂದು ಹೋದರು. ವಾಸನೆ ಸತ್ತವರಿಗೆ ಮುಟ್ಟುತ್ತದೆಂದು ಅಜ್ಜಿ ಹೇಳಿದ್ದಳು. ನನ್ನ ತಮ್ಮನಿಗೆ ಅದು ಬದುಕಿದ್ದಾಗಲೇ ಮುಟ್ಟಿತ್ತು. ಮುಟ್ಟದೇ ಹೋದದ್ದು ರೊಟ್ಟಿ.