ಅತ್ತೆಯ ಮದ್ದಿನ ಹೆಸರು

ನಮ್ಮ ಅತ್ತೆ ಗಾಯಕ್ಕೆ ಮದ್ದು ಹಾಕುತ್ತಾರೆ ಎಂಬುದು ಪುಟ್ಟೇನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಏನು ಹಾಕುತ್ತಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ರಸ್ತೆ ಗುಂಡಿಗಳ ದಯೆಯಿಂದ ಬಾಡಿಗೆಯವರಲ್ಲಿ ಯಾರಾದರೊಬ್ಬರು ಸ್ಕೂಟರಿನಿಂದ ಬಿದ್ದು ಮಂಡಿ ತರಚಿಕೊಂಡು ಬರುತ್ತಲೇ ಇರುತ್ತಾರೆ. ಅತ್ತೆ ಹೊರಗೆ ಹೋಗಿ ಯಾವುದೋ ಸೊಪ್ಪು ಕಿತ್ತು, ಅಂಗೈಯಲ್ಲೇ ಹೊಸಕಿ, ಹಿಂಡಿ ಕಟ್ಟುತ್ತಾರೆ. ಹೆಸರು ಹೇಳಿದರೆ ಮದ್ದು ಹತ್ತುವುದಿಲ್ಲವಂತೆ. ಸೊಪ್ಪು ತರುವಾಗ ದಾರಿಯಲ್ಲಿ ಮಾತೂ ಆಡಬಾರದಂತೆ. ಇದನ್ನರಿಯದ ಎದುರುಮನೆ ಆಂಟಿ ನನ್ನ ಹತ್ತಿರ ದೂರು ಹೇಳಿದ್ದರು: "ನಿಮ್ಮತ್ತೆಗೆ ಭಾಳ ಜಂಬ ಕಣ್ರೀ. ಮಾತಾಡ್ಸಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ."

ನಾನು ಜಯನಗರದ ಕಡೆ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು. ಬಡ್ತಿಗೆ ಒಂದು ಸಂಶೋಧನಾ ಪ್ರಬಂಧ ಬೇಕೇಬೇಕಿತ್ತು. ಅತ್ತೆಯನ್ನು ಕಾಡಿ ಬೇಡಿ, ಹೊಸಕಿದ ಸೊಪ್ಪನ್ನು ಡಬ್ಬಿಯಲ್ಲಿ ಲ್ಯಾಬಿಗೆ ತಂದೆ. ಗಾಜಿನ ತಟ್ಟೆಯಲ್ಲಿ ಚರ್ಮದ ಕೋಶಗಳನ್ನು ಬೆಳೆಸಿ, ನಡುವೆ ಗೆರೆ ಕೊರೆದು, ಆ ಬಿರುಕು ಎಷ್ಟು ಬೇಗ ಮುಚ್ಚುತ್ತದೆ ಎಂದು ನೋಡುವುದು ನಮ್ಮ ಪರೀಕ್ಷೆ. ಸೊಪ್ಪಿನ ರಸ ಹಾಕಿದ ತಟ್ಟೆಯ ಬಿರುಕು, ಏನೂ ಹಾಕದ ತಟ್ಟೆಯದಕ್ಕಿಂತ ಎಷ್ಟೋ ಮೊದಲೇ ಮುಚ್ಚಿಕೊಂಡಿತು. ಇನ್ನೊಮ್ಮೆ ಮಾಡಿದಾಗಲೂ ಹಾಗೇ ಆಯಿತು.

ನಮ್ಮ ವಿಭಾಗದ ಮುಖ್ಯಸ್ಥರು ಕುರ್ಚಿಯಿಂದ ಎದ್ದೇಬಿಟ್ಟರು. "ಸಖತ್ತಾಗಿದೆ ಮೇಡಂ! ಯಾವ ಗಿಡ?"

"ನಮ್ಮತ್ತೆ ಕೊಟ್ಟಿದ್ದು ಸಾರ್."

"ಅತ್ತೆ ಅನ್ನೋದು ಬಟಾನಿಕಲ್ ನೇಮ್ ಅಲ್ಲ ಮೇಡಂ. ಹೆಸರಿಲ್ದೆ ಪೇಪರ್ ಹೆಂಗ್ ಕಳಿಸ್ತೀರಾ?"

ಮನೆಗೆ ಬಂದು ವಿಷಯ ತಿಳಿಸಿದರೆ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ನಮ್ ಮದ್ದಿಗೆ ನಿಮ್ ತಟ್ಟೆ ಸರ್ಟಿಫಿಕೇಟ್ ಕೊಡ್ತಾ?" ಎಂದು ನಕ್ಕರು. ಆದರೆ ನಾನು ಸರಿಯಾಗಿ ಊಟ ಮಾಡದೆ ಮುಖ ಸಣ್ಣ ಮಾಡಿಕೊಂಡು ಓಡಾಡುವುದನ್ನು ಗಮನಿಸುತ್ತಿದ್ದರು. ಒಂದು ದಿನ ಅವರೇ, "ಹೆಸ್ರು ಬೇಕಂದ್ರೆ ಮದ್ದನ್ನೇ ತಗೊಳಮ್ಮ" ಎಂದರು. ನಾನು ಕುಣಿದಾಡುವುದೊಂದು ಬಾಕಿ.

ಅಮಾವಾಸ್ಯೆಯ ಬೆಳಿಗ್ಗೆ ತಲೆಗೆ ನೀರು ಹಾಕಿಸಿ, ಎಲೆ ಅಡಿಕೆ ಕೊಟ್ಟು, ನನ್ನ ಅಂಗೈ ಮೇಲೆ ನೀರು ಬಿಟ್ಟರು. "ನಿನ್ ಕಾಲ ಆದ್ಮೇಲೆ ನಡ್ಸೋಕೆ ಒಬ್ರಿಗೆ ಹೇಳ್ಕೊಡು. ಬೇರೆ ಯಾರ್ಗೂ ಬಾಯಿ ಬಿಡ್ಬೇಡ. ಮಾತು ಕೊಡು." ಮಾತು ತಾನೇ ಎಂದು ಧಾರಾಳವಾಗಿ ಕೊಟ್ಟೆ. ಕಿವಿಯಲ್ಲಿ ಹೆಸರು ಉಸುರಿ, ಕಾಂಪೌಂಡಿನ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದರು. ನಾನು ಪ್ರತಿ ಭಾನುವಾರ ಗುಲಾಬಿ ಕುಂಡಗಳಿಂದ ಕಿತ್ತು ಬಿಸಾಡುತ್ತಿದ್ದ ಕಳೆ!

"ಕೀಳ್ಬೇಡ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ನಿಂಗೊತ್ತಾಗ್ತಿರ್ಲಿಲ್ವಾ?"

ಕೊಟ್ಟ ಮಾತು ಮನೆಯೊಳಗೆ, ಪ್ರಬಂಧ ಕಾಲೇಜಿನಲ್ಲಿ, ಅತ್ತೆ ಇಂಗ್ಲಿಷ್ ಓದುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೆ. ಸೋಮವಾರ ಹೆಸರು ಹೇಳಿಬಿಡುವುದೆಂದು ತೀರ್ಮಾನವೂ ಆಯಿತು. ಆದರೆ ಭಾನುವಾರ ಸಂಜೆ ಸಿಹಿಗುಂಬಳ ಹೆಚ್ಚುವಾಗ ಈಳಿಗೆಮಣೆ ತಗುಲಿ ಅತ್ತೆಯ ಬೆರಳು ಕುಯ್ದುಹೋಯಿತು. ಅವರು ರಕ್ತ ಸುರಿಯುವ ಬೆರಳನ್ನು ನನ್ನ ಮುಂದೆ ಹಿಡಿದು ಕೂತರು.

"ಸೊಪ್ಪು ತಗೊಂಬಾಮ್ಮ."

"ನಿಮಗೇ ಗೊತ್ತಲ್ಲ ಅತ್ತೆ?"

"ಗೊತ್ತಿದ್ರೇನ್ ಬಂತು? ನಿಂಗೆ ಕೊಟ್ಬಿಟ್ಟಿದೀನಲ್ಲ. ಇನ್ಮೇಲೆ ನನ್ ಕೈಯಲ್ಲಿ ಹತ್ತಲ್ಲ."

ಇಡೀ ಬೀದಿಗೆ ಮದ್ದು ಹಾಕಿದ ಕೈಯನ್ನು, ನನ್ನ ಬಡ್ತಿಗಾಗಿ ಈ ಹೆಂಗಸು ಬರಿದು ಮಾಡಿಕೊಂಡಿದ್ದರು. ಎದ್ದು ಹೊರಗೆ ಓಡಿದೆ. ಎದುರುಮನೆ ಆಂಟಿ ಗೇಟಿನ ಹತ್ತಿರವೇ ನಿಂತಿದ್ದರು. "ಏನ್ರೀ ಮೇಡಂ, ಏನ್ ಹುಡುಕ್ತಿದೀರಾ?" ನಾನು ಉತ್ತರ ಕೊಡದೆ ಸೊಪ್ಪು ಕಿತ್ತುಕೊಂಡು ಒಳಗೆ ಬಂದೆ.

ಸೋಮವಾರ ಮುಖ್ಯಸ್ಥರು ಕೇಳಿದಾಗ, "ಹೇಳೋಕಾಗಲ್ಲ ಸಾರ್" ಎಂದೆ. ಅವರು ಕೈ ಚೆಲ್ಲಿದರು. ಬಡ್ತಿ ಬೇರೆಯವರ ಪಾಲಾಯಿತು. ಈಗ ನಾನೂ ಎಲ್ಲ ಕಾಲೇಜಿನವರಂತೆ ಅರಿಶಿನದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಆ ಕಳೆಯ ಹೆಸರನ್ನು ನಿಮಗೂ ಹೇಳುವುದಿಲ್ಲ.

ಆ ಸೋಮವಾರ ಸಂಜೆಯೇ ಎದುರುಮನೆ ಆಂಟಿ ನಮ್ಮ ಗೇಟಿಗೆ ಬಂದು ಅತ್ತೆಗೆ ದೂರು ಕೊಡುತ್ತಿದ್ದುದು ಒಳಗಿದ್ದ ನನಗೂ ಕೇಳಿಸಿತು. "ನಿಮ್ ಸೊಸೆಗೂ ಜಂಬ ಬಂದ್ಬಿಡ್ತು ಕಣ್ರೀ. ಮಾತಾಡ್ಸಿದ್ರೆ ಮುಖ ತಿರುಗಿಸ್ಕೊಂಡು ಹೋದ್ರು."

ಅತ್ತೆ ಕಟ್ಟು ಕಟ್ಟಿದ್ದ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಬರ್ದೆ ಇರುತ್ತಾ? ನಮ್ಮನೆ ಸೊಸೆ ಅಲ್ವಾ" ಎಂದರು.