ಐದನೇ ವಿಭಾಗದ ಬಸಳೆ

ನಮ್ಮ ಕಳ್ಳಿ ಮತ್ತು ಸಕ್ಯುಲೆಂಟ್ ಗಿಡಗಳ ಪ್ರದರ್ಶನಕ್ಕೆ ಸ್ಪರ್ಧೆಯ ವಿಭಾಗಗಳನ್ನು ಮಾಡುತ್ತಿದ್ದವರು ನಾವಿಬ್ಬರು, ನಾನು ಮತ್ತು ನಿವೃತ್ತ ಕನ್ನಡ ಮಾಷ್ಟ್ರು. ಅವರದ್ದು ಅರ್ಚಕರ ಮನೆತನ, ಒಂದಕ್ಷರ ತಪ್ಪಿದರೂ ಸಹಿಸುತ್ತಿರಲಿಲ್ಲ. ಬಿಜೈಯಲ್ಲಿದ್ದ ಅವರ ಮನೆಯ ಜಗಲಿಯಲ್ಲಿ ಚಹಾ ಆರುವವರೆಗೂ ಜಗಳವಾಡುತ್ತಿದ್ದೆವು. ಮುಳ್ಳಿನ ಕಳ್ಳಿ, ಕಸಿ ಕಟ್ಟಿದ ಕಳ್ಳಿ, ಅಂಗೈಯಲ್ಲಿ ಹಿಡಿಯುವ ಪುಟ್ಟ ಕುಂಡ, ಇಷ್ಟಕ್ಕೆ ತಕರಾರಿರಲಿಲ್ಲ. ನಾಲ್ಕನೆಯದಕ್ಕೆ ‘ಸಕ್ಯುಲೆಂಟ್’ ಎಂದೇ ಬರೆಯೋಣ ಎಂದೆ. ಮಾಷ್ಟ್ರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ‘ದಪ್ಪ ಎಲೆಯ, ನೀರು ಹಿಡಿದಿಡುವ ಗಿಡ’ ಎಂದು ಬರೆದು, ಗೆದ್ದವರಂತೆ ಎಲೆಯಡಿಕೆ ಹಾಕಿಕೊಂಡರು.

ಪ್ರದರ್ಶನದ ಬೆಳಿಗ್ಗೆ ಒಬ್ಬರು ಬಾಯಮ್ಮ ರಿಕ್ಷಾದಿಂದ ಇಳಿದರು. ಕ್ರಿಶ್ಚಿಯನ್ ಹೆಂಗಸರನ್ನು ನಾವು ಹಾಗೆ ಕರೆಯುವುದು. ಗಲ್ಫಿನಲ್ಲಿ ನರ್ಸ್ ಆಗಿದ್ದು ಬಂದವರು, ಫಳ್ನೀರಿನ ಫ್ಲ್ಯಾಟಿನಲ್ಲಿ ವಾಸ. ತೋಳಲ್ಲಿ ಕುಂಡ, ಕುಂಡಕ್ಕೆ ಬಿದಿರಿನ ಕಮಾನು, ಕಮಾನಿನ ತುಂಬ ಬಸಳೆ!

ನನಗೆ ನಗುವೂ ಬಂತು, ಸಿಟ್ಟೂ ಬಂತು. “ಇದು ಇಲ್ಲಿ ಆಗುದಿಲ್ಲ ಬಾಯಮ್ಮ, ಇದು ತರಕಾರಿ,” ಎಂದೆ. ಅವರು ವಾದಿಸಲಿಲ್ಲ. ಹಳೆಯ ಮನೆ ಕೆಡವುವಾಗ ಚಪ್ಪರದಿಂದ ಒಂದು ತುಂಡು ತಂದು ನೆಟ್ಟದ್ದು, ಆ ಮನೆಯದ್ದೆಂದು ಉಳಿದದ್ದು ಇದೊಂದೇ, ನಾಲ್ಕು ಜನ ನೋಡಲಿ ಎಂದು ತಂದೆ ಎಂದಷ್ಟೇ ಹೇಳಿ ಕುಂಡ ಎತ್ತಿಕೊಂಡರು.

ಹಿಂದಿನಿಂದ ಮಾಷ್ಟ್ರು ಬಂದರು.

“ಎಲೆ ದಪ್ಪ ಉಂಟಾ?” ಎಂದು ನನ್ನನ್ನು ಕೇಳಿದರು. ಉಂಟು ಎಂದೆ.

“ನೀರು ಹಿಡಿತದಾ?”

ಹಿಡಿಯುತ್ತದೆ ಎನ್ನದೆ ವಿಧಿಯಿರಲಿಲ್ಲ.

“ಮತ್ತೆ ಎಂತ ತಕರಾರು, ಮಾರಾಯ್ತಿ?”

ಬಸಳೆ ಮೇಜಿಗೇರಿತು. ಬಹುಮಾನ ಬರಲಿಲ್ಲ, ಆದರೆ ಜನ ಮುತ್ತಿದ್ದು ಅಲ್ಲಿಗೇ. ಮರುವರ್ಷ ಮಾಷ್ಟ್ರು ಐದನೇ ವಿಭಾಗವನ್ನೇ ಮಾಡಿದರು: ಮನೆಬಳಕೆಯ ದಪ್ಪ ಎಲೆ. ಬೆಂಗ್ರೆಯ ಹೆಂಗಸರು ದೋಣಿಯಲ್ಲಿ ಹೊಳೆ ದಾಟಿ, ಪೈಂಟ್ ಡಬ್ಬಿಗಳಲ್ಲಿ ನಾವು ಸಾಂಬ್ರಾಣಿ ಎನ್ನುವ ದೊಡ್ಡಪತ್ರೆ ಗಿಡ, ಲೋಳೆಸರ ತಂದರು. ಕೆಮ್ಮಿಗೆ ಯಾವ ಎಲೆ ಎಂದು ತೀರ್ಪುಗಾರರಿಗೇ ಪಾಠವಾಯಿತು. ಸಿಗಡಿ ಹಾಕದ ಬಸಳೆ ಬಸಳೆಯೇ ಅಲ್ಲ ಎಂದು ಬಾಯಮ್ಮ ಹೇಳಿದರೆ, ಮಾಷ್ಟ್ರು ಎರಡೂ ಕಿವಿ ಮುಚ್ಚಿಕೊಂಡು ಹಲಸಿನ ಬೀಜದ ಪರ ವಾದಿಸುತ್ತಿದ್ದರು. ಸಿಟ್ಟಿನವರ ಕೈಯಲ್ಲಿ ಬಳ್ಳಿ ಬೇಗ ಹಬ್ಬುತ್ತದಂತೆ ಎಂದು ತಮಾಷೆ ಮಾಡಿ ಬಾಯಮ್ಮ ನನಗೂ ಒಂದು ತುಂಡು ಕೊಟ್ಟರು. ಆ ಮೇಜಿನ ಗದ್ದಲ ಇನ್ನೊಮ್ಮೆ ಕೇಳಬೇಕೆಂದು ಎಷ್ಟು ಆಸೆಯಾಗುತ್ತದೆ!

ಮಾಷ್ಟ್ರು ಹೋದರು. ಡಬ್ಬಿ ಹೊತ್ತು ಬರುತ್ತಿದ್ದವರಿಗೆ ವಯಸ್ಸಾಯಿತು. ಕೊನೆಗೆ ಐದನೇ ವಿಭಾಗದಲ್ಲಿ ಉಳಿದದ್ದು ಬಾಯಮ್ಮನ ಬಸಳೆ ಮಾತ್ರ. ಕಳೆದ ಮಳೆಗಾಲದಲ್ಲಿ ಅವರೂ ತೀರಿಕೊಂಡರು.

ಈ ಸಲ ಸಮಿತಿಯ ಹೊಸಬರು, ಯಾರೂ ಬಾರದ ವಿಭಾಗ ಯಾಕೆ, ತೆಗೆಯೋಣ ಎಂದರು. ನ್ಯಾಯವಾದ ಮಾತೇ. ಆದರೂ ನನಗೆ ರೇಗಿತು. ಒಂದು ಗಿಡವಾದರೂ ಬರುತ್ತದೆ, ಬಾರದಿದ್ದರೆ ನೀವೇ ತೆಗೆದುಬಿಡಿ ಎಂದೆ. ಮನೆಗೆ ಬಂದು ಬಾಯಮ್ಮ ಕೊಟ್ಟ ಬಳ್ಳಿಗೆ ಕಮಾನು ಕಟ್ಟಿದೆ.

ಪ್ರದರ್ಶನದ ದಿನ ಕುಂಡ ಹೊತ್ತು ಹೋದೆ. ಹೆಸರು ಬರೆದುಕೊಳ್ಳುವ ಹುಡುಗಿ ಹೊಸಬಳು.

“ಆಂಟಿ, ಇದು ತರಕಾರಿ ಅಲ್ವಾ? ಇಲ್ಲಿ ಆಗುದಿಲ್ಲ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುಂಡವನ್ನು ಅವಳ ಮುಂದಿಟ್ಟೆ. “ಎಲೆ ದಪ್ಪ ಉಂಟಾ, ನೋಡು,” ಎಂದೆ.

ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿ ಉಂಟು ಎಂದಳು. ಮಾಷ್ಟ್ರ ಎರಡನೇ ಪ್ರಶ್ನೆ ಕೇಳಲು ಹೋಗದೆ, ಕುಂಡವನ್ನು ನಾನೇ ಎತ್ತಿ ಐದನೇ ವಿಭಾಗದ ಮೇಜಿನ ಮೇಲಿಟ್ಟೆ.